ಸಭೆಗೆ ಬಿಡುವಿಲ್ಲದವರ ಸಂಘ

ಬೆಳಿಗ್ಗೆ ಎಂಟರಿಂದ ಒಂಬತ್ತರೊಳಗೆ ಯಶವಂತಪುರದಿಂದ ಜಾಲಹಳ್ಳಿ ಕ್ರಾಸಿನವರೆಗೆ ತುಮಕೂರು ರಸ್ತೆಯಲ್ಲಿ ಒಮ್ಮೆ ಹೋಗಿ ನೋಡಿ. ಆ ಒಂದು ಗಂಟೆ ರಸ್ತೆ ಹೆಂಗಸರದು. ಒಂದು ಕೈಯಲ್ಲಿ ಊಟದ ಡಬ್ಬಿಯ ಚೀಲ, ಇನ್ನೊಂದು ಕೈಯಲ್ಲಿ ಇನ್ನೂ ಒಣಗದ ಕೂದಲನ್ನು ಹೆಣೆದುಕೊಳ್ಳುತ್ತ, ನಡೆಯುತ್ತಲೂ ಅಲ್ಲ ಓಡುತ್ತಲೂ ಅಲ್ಲ ಎಂಬಂತೆ ಸಾಗುವವರು. ಗಾರ್ಮೆಂಟ್ಸ್ ಗೇಟು ಮುಚ್ಚುವುದರೊಳಗೆ ಒಳಗಿರಬೇಕು. ಬೆಂಗಳೂರಿನಲ್ಲಿ ಹೀಗೆ ಗಾರ್ಮೆಂಟ್ಸ್‌ಗೆ ಹೋಗುವವರು ನಾಲ್ಕೈದು ಲಕ್ಷ ಜನ ಎನ್ನುತ್ತಾರೆ. ಅವರಲ್ಲಿ ಬಹುಪಾಲು ಹೆಂಗಸರೇ. ಒಂದು ನಗರದಲ್ಲಿ ಇಷ್ಟು ಜನ ಹೆಣ್ಣುಮಕ್ಕಳು ಒಂದೇ ಕಸುಬಿನಲ್ಲಿ ದುಡಿಯುವುದು ಸಣ್ಣ ಮಾತಲ್ಲ. ಆದರೂ ಕಾರ್ಮಿಕ ಸಂಘ ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಮೈಕಿನ ಮುಂದೆ ನಿಂತ ಗಂಡಸಿನ ಚಿತ್ರವೇ. ಹೆಂಗಸರಿಗೆ ಸಂಘಟನೆಯ ಬುದ್ಧಿ ಕಡಿಮೆ, ಅವರು ಹೆದರುತ್ತಾರೆ, ಮನೆ ಬಿಟ್ಟು ಬರುವುದಿಲ್ಲ ಎಂದು ಓದಿದವರೇ ಹೇಳುವುದನ್ನು ಕೇಳಿದ್ದೇನೆ. ಇದೇ ರಸ್ತೆಯ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಆ ಮಾತು ನಿಲ್ಲುವುದಿಲ್ಲ.

ಗಾರ್ಮೆಂಟ್ಸ್ ಬರುವ ಮುಂಚೆ ಈ ಭಾಗದಲ್ಲಿ ಕೆಲಸಕ್ಕೆ ಹೋಗುವ ಹೆಂಗಸು ಎಂದರೆ ಎಚ್‌ಎಂಟಿ ಅಥವಾ ಬಿಇಎಲ್. ಜಾಲಹಳ್ಳಿಯಲ್ಲಿ ಬಿಇಎಲ್ ಶುರುವಾದದ್ದು 1954ರಲ್ಲಿ. ಎಚ್‌ಎಂಟಿಯವರು 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ಕೈಗಡಿಯಾರ ಮಾಡಲು ತೊಡಗಿದರು. ಸಾಸಿವೆಕಾಳಿಗಿಂತ ಸಣ್ಣ ತಿರುಪು, ಕೂದಲೆಳೆಯಂಥ ಸ್ಪ್ರಿಂಗು ಜೋಡಿಸುವ ಕೆಲಸ. ಹೆಣ್ಣುಮಕ್ಕಳ ಬೆರಳು ಇದಕ್ಕೆ ಒಗ್ಗುತ್ತದೆ ಎಂದು ಅವರನ್ನು ತೆಗೆದುಕೊಂಡರು. (ಬೆರಳಿನ ಈ ಹೊಗಳಿಕೆ ಮುಂದೆ ಗಾರ್ಮೆಂಟ್ಸಿನಲ್ಲೂ ಕೇಳಿಬಂತು. ಬೆರಳನ್ನು ಹೊಗಳಿದವರು ಸಂಬಳದ ಮಾತು ಬಂದಾಗ ಸುಮ್ಮನಾಗುವುದು ಎಲ್ಲ ಕಾಲದಲ್ಲೂ ಉಂಟು.)

ನಮ್ಮ ವಠಾರದಲ್ಲಿ ಒಬ್ಬರಿದ್ದರು. ಅವರ ಹೆಸರಿಗಿಂತ ‘ವಾಚ್ ಫ್ಯಾಕ್ಟರಿ ಅಕ್ಕ’ ಎಂದೇ ನಮಗೆಲ್ಲ ಗೊತ್ತು. ಫ್ಯಾಕ್ಟರಿ ಬಸ್ಸಿನಲ್ಲಿ ಹೋಗಿ ಫ್ಯಾಕ್ಟರಿ ಬಸ್ಸಿನಲ್ಲಿ ಬರುತ್ತಿದ್ದರು. ಕ್ಯಾಂಟೀನಿನಲ್ಲಿ ಕಡಿಮೆ ಬೆಲೆಗೆ ಊಟ, ಕಾಯಿಲೆ ಬಿದ್ದರೆ ಆಸ್ಪತ್ರೆ. ಹೊತ್ತಿಗೆ ಸರಿಯಾಗಿ ಶಿಫ್ಟು ಮುಗಿಯುತ್ತಿತ್ತು. ಸಂಘದ ಚಂದಾವನ್ನು ಸಂಬಳದಲ್ಲೇ ಮುರಿದುಕೊಳ್ಳುತ್ತಿದ್ದರು, ಇವರು ಹೋಗಿ ಕಟ್ಟಬೇಕಾಗಿರಲಿಲ್ಲ. ಸಂಘದ ಸಭೆ ಅಂದರೆ ಗೇಟ್ ಮೀಟಿಂಗು. ಶಿಫ್ಟು ಬಿಟ್ಟ ಮೇಲೆ ಅಲ್ಲೇ ನಿಂತು ಅರ್ಧ ಗಂಟೆ ಕೇಳಿ ಬಸ್ಸು ಹತ್ತಿದರಾಯಿತು.

1980ರ ಡಿಸೆಂಬರಿನ ಕೊನೆಯಲ್ಲಿ ಬೆಂಗಳೂರಿನ ಸಾರ್ವಜನಿಕ ರಂಗದ ಕಾರ್ಖಾನೆಗಳಲ್ಲಿ ದೊಡ್ಡ ಮುಷ್ಕರ ಶುರುವಾಯಿತು. ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್ ಎಲ್ಲ ಸೇರಿ ಲಕ್ಷಕ್ಕೂ ಮೀರಿದ ನೌಕರರು. ಬಿಎಚ್‌ಇಎಲ್ ನೌಕರರಿಗೆ ಸಿಕ್ಕಷ್ಟು ವೇತನ ನಮಗೂ ಕೊಡಿ ಎಂಬುದು ಮುಖ್ಯ ಬೇಡಿಕೆ. 77 ದಿನ ನಡೆದು 1981ರ ಮಾರ್ಚಿನಲ್ಲಿ ಅದು ಮುಗಿಯಿತು, ಕೇಳಿದ್ದು ಸಿಗಲಿಲ್ಲ. ನಾನಾಗ ಪ್ರೈಮರಿ ಸ್ಕೂಲಿನ ಹುಡುಗಿ. ಅಕ್ಕನ ಮನೆಯಲ್ಲಿ ಎರಡೂವರೆ ತಿಂಗಳು ಸಂಬಳವಿಲ್ಲದೆ ಬಳೆ ಗಿರವಿಗೆ ಹೋದದ್ದು, ಅಂಗಡಿಯವನು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಕೊಟ್ಟದ್ದು ನೆನಪಿದೆ. ಅಕ್ಕ ಒಂದು ದಿನವೂ ಕೆಲಸಕ್ಕೆ ಹೋಗಲಿಲ್ಲ. ಎಷ್ಟೋ ವರ್ಷದ ಮೇಲೆ ನಾನು ಕೇಳಿದಾಗ ಹೀಗಂದರು: “ನಾವೂ ನಿಂತ್ವಮ್ಮ. ಆದರೆ ಮಾತಾಡೋರು ಎಲ್ಲ ಗಂಡಸರೇ. ನಮ್ಮನ್ನ ಯಾರೂ ಮೇಲೆ ಕರೀಲಿಲ್ಲ, ನಾವೂ ಹತ್ತಲಿಲ್ಲ.”

ಮುಷ್ಕರದಲ್ಲಿ ಬಳೆ ಕಳೆದುಕೊಳ್ಳುವುದರಲ್ಲಿ ಹೆಂಗಸರು ಮುಂದಿದ್ದರು, ವೇದಿಕೆಯಲ್ಲಿ ಇರಲಿಲ್ಲ. ಇದು ಬೆಂಗಳೂರಿಗೇ ವಿಶೇಷವಾದದ್ದೇನಲ್ಲ. ಅಹಮದಾಬಾದಿನಲ್ಲಿ 1918ರ ಗಿರಣಿ ಮುಷ್ಕರಕ್ಕೆ ನಿಂತವರು ಅನಸೂಯಾ ಸಾರಾಭಾಯಿ. ಅದೂ ಗಿರಣಿ ಮಾಲೀಕನಾದ ಸ್ವಂತ ತಮ್ಮನ ಎದುರಿಗೆ. ಅಲ್ಲಿಂದ ಮುಂದೆ 1920ರಲ್ಲಿ ಮಜೂರ್ ಮಹಾಜನ್ ಎಂಬ ಸಂಘ ಹುಟ್ಟಿತು. ಮುಂಬಯಿಯಲ್ಲಿ ಮಣಿಬೆನ್ ಕಾರಾ, ಉಷಾತಾಯಿ ಡಾಂಗೆ ಇದ್ದರು. ಇವರೆಲ್ಲ ದೊಡ್ಡವರು, ನಿಜ. ಆದರೆ ಓದಿದ ಮನೆಯಿಂದ ಬಂದು ದುಡಿಯುವವರ ಪರ ನಿಂತವರು. ದುಡಿಯುವ ಹೆಂಗಸೇ ಸಂಘದ ಅಧ್ಯಕ್ಷೆಯಾಗುವುದಕ್ಕೆ ಇನ್ನೂ ಬಹಳ ಕಾಲ ಬೇಕಾಯಿತು. ಅದೇ ಮಜೂರ್ ಮಹಾಜನ್‌ನಲ್ಲಿ ವಕೀಲೆಯಾಗಿದ್ದ ಇಳಾ ಭಟ್ 1972ರಲ್ಲಿ ತಲೆಹೊರೆಯವರು, ತರಕಾರಿ ಮಾರುವವರು, ಮನೆಯಲ್ಲೇ ಹೊಲಿಯುವವರನ್ನು ಸೇರಿಸಿ ‘ಸೇವಾ’ ಎಂಬ ಸಂಘ ನೋಂದಾಯಿಸಲು ಹೋದಾಗ, ನಿಮಗೆ ಮಾಲೀಕನೇ ಇಲ್ಲವಲ್ಲ, ಯಾರ ವಿರುದ್ಧ ಸಂಘ ಕಟ್ಟುತ್ತೀರಿ ಎಂದು ಅಧಿಕಾರಿಗಳು ಕೇಳಿದರಂತೆ. ವಿರುದ್ಧಕ್ಕಲ್ಲ, ಒಟ್ಟಾಗಿ ಇರುವುದಕ್ಕೆ ಎಂದು ಅವರಿಗೆ ಒಪ್ಪಿಸುವುದರಲ್ಲಿ ಸಾಕುಬೇಕಾಯಿತು.

ನಮ್ಮ ರಸ್ತೆಗೆ ಮರಳೋಣ. ಎಚ್‌ಎಂಟಿ, ಬಿಇಎಲ್‌ಗಳಲ್ಲಿ ಹೊಸಬರನ್ನು ತೆಗೆದುಕೊಳ್ಳುವುದು ಕಡಿಮೆಯಾಗುತ್ತ ಬಂದಂತೆ ಯಶವಂತಪುರದ ಇಂಡಸ್ಟ್ರಿಯಲ್ ಸಬರ್ಬಿನಲ್ಲಿ, ಪೀಣ್ಯದಲ್ಲಿ ಒಂದೊಂದೇ ಗಾರ್ಮೆಂಟ್ಸ್ ಎದ್ದವು. ವಿದೇಶಗಳು ಬಟ್ಟೆಯ ಆಮದಿಗೆ ಇಟ್ಟಿದ್ದ ಕೋಟಾ 2005ರ ಜನವರಿ 1ಕ್ಕೆ ಹೋದ ಮೇಲಂತೂ ಅವು ಇನ್ನಷ್ಟು ಬೆಳೆದವು. ನನ್ನ ತರಗತಿಯ ಹಾಜರಿ ಪುಸ್ತಕದಲ್ಲೇ ಈ ಬದಲಾವಣೆ ಕಾಣುತ್ತಿತ್ತು. ತಾಯಿಯ ಉದ್ಯೋಗ ಎಂಬಲ್ಲಿ ‘ಗೃಹಿಣಿ’ ಎಂದಿದ್ದದ್ದು ವರ್ಷದಿಂದ ವರ್ಷಕ್ಕೆ ‘ಗಾರ್ಮೆಂಟ್ಸ್’ ಆಗುತ್ತ ಬಂತು. ತುಮಕೂರು, ಮಂಡ್ಯ, ರಾಮನಗರದ ಹಳ್ಳಿಗಳಿಂದ ಬಂದು ಬಾಡಿಗೆ ಕೋಣೆ ಹಿಡಿದವರು. ಶಾಲೆಯ ಪೋಷಕರ ಸಭೆಯನ್ನು ಶನಿವಾರ ಮಧ್ಯಾಹ್ನ ಇಟ್ಟರೆ ನಾಲ್ಕು ಜನ ಅಪ್ಪಂದಿರು ಬಂದು ಕುಳಿತಿರುತ್ತಿದ್ದರು. ಭಾನುವಾರ ಬೆಳಿಗ್ಗೆ ಇಟ್ಟರೆ ಕೂರಲು ಬೆಂಚು ಸಾಲುತ್ತಿರಲಿಲ್ಲ, ಅಮ್ಮಂದಿರು ಗೋಡೆಗೆ ಒರಗಿ ನಿಂತಿರುತ್ತಿದ್ದರು. ಅರ್ಧ ದಿನ ರಜೆ ಕೇಳಿದರೆ ಸೂಪರ್‌ವೈಸರ್ ಬಾಯಿಗೆ ಬಂದಂತೆ ಬಯ್ಯುತ್ತಾನೆ, ಸಂಬಳವೂ ಕಡಿತ.

ಈ ಕೆಲಸದ ಒಳಗಿನ ಬಗೆ ಓದುಗ ಸೋದರಿಯರಲ್ಲಿ ಕೆಲವರಿಗೆ ತಿಳಿದಿರಲಾರದು. ಒಂದು ಶರ್ಟನ್ನು ಒಬ್ಬಳೇ ಹೊಲಿಯುವುದಿಲ್ಲ. ಸಾಲಾಗಿ ಮಿಷನ್ನುಗಳು, ಒಬ್ಬಳು ಕಾಲರ್, ಒಬ್ಬಳು ಕಫ್, ಒಬ್ಬಳು ಜೇಬು. ಗಂಟೆಗೆ ಇಷ್ಟು ಪೀಸ್ ಎಂದು ಲೆಕ್ಕ. ಒಬ್ಬಳ ಹತ್ತಿರ ಪೀಸ್ ರಾಶಿ ಬಿದ್ದರೆ ಹಿಂದಿನವಳೂ ಮುಂದಿನವಳೂ ನಿಲ್ಲಬೇಕು. ಆದ್ದರಿಂದ ನೀರು ಕುಡಿಯಲು ಎದ್ದರೂ ಬೈಗುಳ. ನೀರು ಕುಡಿಯದಿದ್ದರೆ ಶೌಚಾಲಯಕ್ಕೆ ಹೋಗುವುದು ತಪ್ಪುತ್ತದೆಂದು ಕುಡಿಯದೆಯೇ ಇರುವವರನ್ನು ನಾನು ಬಲ್ಲೆ. ಊಟಕ್ಕೆ ಅರ್ಧ ಗಂಟೆ. ಸಂಜೆ ಬಿಟ್ಟ ಕೂಡಲೇ ಮನೆ, ಮಗು, ನಲ್ಲಿಯಲ್ಲಿ ನೀರು ಬರುವ ಹೊತ್ತು. ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಕೂಸಿನ ಮನೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು. ಇದ್ದ ಕಡೆಯೂ, ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಕೂಸನ್ನು ಎತ್ತಿಕೊಂಡು ಬರುವವರು ಯಾರು? ಇಂಥ ದಿನಚರಿಯಲ್ಲಿ ಗೇಟ್ ಮೀಟಿಂಗ್ ಎಲ್ಲಿ ಹಿಡಿಸಬೇಕು ಹೇಳಿ.

ಕಾಯ್ದೆ ಕೂಡ ಅನುಕೂಲವಾಗಿರಲಿಲ್ಲ. 1926ರ ಕಾರ್ಮಿಕ ಸಂಘಗಳ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದಿತ್ತು. 2001ರ ತಿದ್ದುಪಡಿ ಅದನ್ನು ಬಿಗಿ ಮಾಡಿ, ಶೇಕಡಾ 10ರಷ್ಟು ಅಥವಾ 100 ಕೆಲಸಗಾರರು, ಯಾವುದು ಕಡಿಮೆಯೋ ಅಷ್ಟು ಜನ ಬೇಕು ಎಂದಿತು. ಕೆಲಸ ಹೋಗುವ ಭಯದಲ್ಲಿರುವವರ ನೂರು ಸಹಿ ಕೂಡಿಸುವುದು ಕಾಗದದ ಮೇಲೆ ಸುಲಭ.

ಹಾಗಾಗಿ ಬೆಂಗಳೂರಿನಲ್ಲಿ ಈ ಹೆಂಗಸರನ್ನು ಸಂಘಟಿಸ ಹೊರಟವರು ಗೇಟು ಬಿಟ್ಟು ಗಲ್ಲಿಗೆ ಬಂದರು. ‘ಸಿವಿಡೆಪ್’ ಎಂಬ ಸಂಸ್ಥೆಯ ನೆರವಿನಿಂದ ‘ಮುನ್ನಡೆ’ ಎಂಬ ಹೆಣ್ಣುಮಕ್ಕಳ ವೇದಿಕೆ ಬೆಳೆಯಿತು. ಬಾಡಿಗೆ ಮನೆಗಳ ಸಾಲಿನಲ್ಲಿ ಯಾರದಾದರೂ ಕೋಣೆಯಲ್ಲಿ ಕೂತು ಮಾತು. ಮೊದಲು ಉಳಿತಾಯ, ಆಮೇಲೆ ಕುಡಿದು ಹೊಡೆಯುವ ಗಂಡ, ಆಮೇಲೆ ಸೂಪರ್‌ವೈಸರ್. ಮಾತು ಈ ಕ್ರಮದಲ್ಲೇ ಬರುತ್ತದೆ ಎಂಬುದು ಹೆಂಗಸರಿಗೆ ಗೊತ್ತು. ಹಳೆಯ ಸಂಘಗಳ ಮುಖಂಡರಿಗೆ ಗೊತ್ತಿರಲಿಲ್ಲ. ಅವರು ಮೊದಲ ದಿನವೇ ಬೇಡಿಕೆ ಪಟ್ಟಿ ಹಿಡಿದುಕೊಂಡು ಬರುತ್ತಿದ್ದರು. 2006ರಲ್ಲಿ ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ನೋಂದಣಿಯಾಯಿತು. ಮುಂದೆ ಅದರ ಅಧ್ಯಕ್ಷೆಯಾದವರು ಆರ್. ಪ್ರತಿಭಾ. 2012ರಲ್ಲಿ ಹೆಂಗಸರೇ ಮುಂದೆ ನಿಂತು ಗಾರ್ಮೆಂಟ್ ಲೇಬರ್ ಯೂನಿಯನ್ ಕಟ್ಟಿದರು. ಅದರ ಅಧ್ಯಕ್ಷೆ ವಿ.ಪಿ. ರುಕ್ಮಿಣಿ ಸ್ವತಃ ಗಾರ್ಮೆಂಟ್ಸಿನಲ್ಲಿ ದುಡಿದವರು. ಸದಸ್ಯರ ಸಂಖ್ಯೆ ಲಕ್ಷಗಳ ಮುಂದೆ ಸಣ್ಣದು, ಒಪ್ಪತಕ್ಕದ್ದೇ. ಆದರೆ 1981ರಲ್ಲಿ ಯಾರೂ ಮೇಲೆ ಕರೆಯದ ವೇದಿಕೆ ಈಗ ಅವರದೇ ಆಗಿತ್ತು.

ಇನ್ನು 2016. ಆ ವರ್ಷದ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ತೀರ್ಮಾನಿಸಿತು. ಫೆಬ್ರವರಿ 10ಕ್ಕೆ ಕಾರ್ಮಿಕ ಸಚಿವಾಲಯ ಭವಿಷ್ಯನಿಧಿಯ ನಿಯಮ ಬದಲಿಸಿತು. ಕೆಲಸ ಬಿಟ್ಟು ಎರಡು ತಿಂಗಳಾದರೆ ಪಿ.ಎಫ್. ಹಣವನ್ನೆಲ್ಲ ತೆಗೆದುಕೊಳ್ಳಬಹುದಿತ್ತು, ಇನ್ನು ಮುಂದೆ ಮಾಲೀಕನ ಪಾಲು 58 ವರ್ಷವಾದ ಮೇಲೇ ಎಂದಾಯಿತು. ಲೆಕ್ಕ ಹಾಕಿ ನೋಡೋಣ. ಆಗ ಟೈಲರಿನ ಸಂಬಳ ಏಳು ಸಾವಿರದ ಆಸುಪಾಸು. ಅದರಲ್ಲಿ ಅವಳ ಶೇ. 12 ಎಂದರೆ 840 ರೂಪಾಯಿ. ಮಾಲೀಕನದೂ 840, ಅದರಲ್ಲಿ ಶೇ. 8.33, ಎಂದರೆ 583 ರೂಪಾಯಿ ಪಿಂಚಣಿಗೆ ಹೋಗಿ, ಪಿ.ಎಫ್.ಗೆ ಸೇರುವುದು ಶೇ. 3.67, ಎಂದರೆ 257. ತಡೆಹಿಡಿದದ್ದು ಈ 257 ರೂಪಾಯಿಯನ್ನು. ದೆಹಲಿಯಲ್ಲಿ ಕೂತವರಿಗೆ ಇದೊಂದು ದೊಡ್ಡ ಮೊತ್ತವೆನಿಸಿರಲಿಕ್ಕಿಲ್ಲ. ವಯಸ್ಸಾದ ಮೇಲೆ ಕೈಗೊಂದಿಷ್ಟು ಇರಲಿ ಎಂಬ ಉದ್ದೇಶವೂ ಕೆಟ್ಟದ್ದಲ್ಲ.

ಆದರೆ ಗಾರ್ಮೆಂಟ್ಸಿನಲ್ಲಿ 58 ವರ್ಷದವರೆಗೆ ದುಡಿಯುವವರು ಎಷ್ಟು ಜನ? ನಲವತ್ತು ದಾಟುವಷ್ಟರಲ್ಲಿ ಬೆನ್ನು, ಕಣ್ಣು ಎರಡೂ ಹೋಗಿರುತ್ತವೆ. ಗ್ರಾಚ್ಯುಯಿಟಿಗೆ ಆಗ ಐದು ವರ್ಷದ ಸತತ ಸೇವೆ ಬೇಕಿತ್ತು. ಬಾಣಂತನವೋ ಊರಿನ ಕಾಯಿಲೆಯೋ ಬಂದು ನಡುವೆ ಬಿಟ್ಟವರಿಗೆ ಅದೂ ಇಲ್ಲ. ಪಿ.ಎಫ್. ಒಂದೇ ಅವರ ಗಂಟು. ಮಗಳ ಮದುವೆ, ಮಗನ ಕಾಲೇಜು, ಭೋಗ್ಯದ ಮನೆಗೆ ಮುಂಗಡ, ಎಲ್ಲಕ್ಕೂ ಅದೇ. ಅದಕ್ಕೆಂದೇ ಕೆಲಸ ಬಿಟ್ಟು, ಹಣ ತೆಗೆದು, ಪಕ್ಕದ ಗಾರ್ಮೆಂಟ್ಸಿಗೆ ಸೇರುತ್ತಿದ್ದರು. ಫಾರಂ 19, ಫಾರಂ 10ಸಿ ಎರಡನ್ನೂ ನಾನೇ ಎಷ್ಟೋ ಅಮ್ಮಂದಿರಿಗೆ ತುಂಬಿಕೊಟ್ಟಿದ್ದೇನೆ. ಒಬ್ಬರೂ ಆ ಹಣದಲ್ಲಿ ತಮಗೊಂದು ಸೀರೆ ಕೊಳ್ಳುತ್ತೇನೆ ಎಂದದ್ದಿಲ್ಲ. ಅಷ್ಟೂ ಹಣ 58ರವರೆಗೆ ಸಿಗುವುದಿಲ್ಲವಂತೆ ಎಂಬ ಸುದ್ದಿ ಲೈನಿನಿಂದ ಲೈನಿಗೆ ಹಬ್ಬಿತು.

ಏಪ್ರಿಲ್ 18, ಸೋಮವಾರ. ಹೊಸೂರು ರಸ್ತೆಯಲ್ಲಿ ಬೊಮ್ಮನಹಳ್ಳಿಯ ಹತ್ತಿರ ಸಾವಿರಾರು ಹೆಂಗಸರು ಮಿಷನ್ ಬಿಟ್ಟು ಬಂದು ರಸ್ತೆಯ ಮೇಲೆ ಕುಳಿತರು. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಸಂಘದವರೇ ಸುದ್ದಿ ಕೇಳಿ ಓಡಿಬಂದರು. ಮಾರನೆಯ ದಿನ ಅದು ನಮ್ಮ ಕಡೆಗೂ, ಪೀಣ್ಯ, ಜಾಲಹಳ್ಳಿ ಕ್ರಾಸಿಗೂ ಹಬ್ಬಿತು. ಶಾಲೆಗೆ ಬೇಸಿಗೆ ರಜೆ. ಯಶವಂತಪುರದಲ್ಲಿ ಬಸ್ಸುಗಳು ನಿಂತುಬಿಟ್ಟಿದ್ದವು. ಪಟ್ಟಣದವರು ಗೊಣಗಿದರು. ಆ ದಿನ ಕಲ್ಲು ತೂರಿದ್ದೂ ಹೌದು, ಬಸ್ಸು ಸುಟ್ಟಿದ್ದೂ ಹೌದು, ಹೆಬ್ಬಗೋಡಿಯ ಪೊಲೀಸ್ ಠಾಣೆಗೆ ದಾಳಿಯಾದದ್ದೂ ಹೌದು. ಲಾಠಿ, ಅಶ್ರುವಾಯು ಎಲ್ಲ ನಡೆಯಿತು. ಕಿಚ್ಚು ಹಚ್ಚಿದವರು ಹೊರಗಿನ ಹುಡುಗರು ಎಂದು ಸಂಘಗಳು ಹೇಳಿದವು. ಏಟು ಮಾತ್ರ ಹೆಂಗಸರಿಗೂ ಬಿತ್ತು. ಸುಟ್ಟ ಬಸ್ಸನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಪತ್ರಿಕೆಗಳಲ್ಲಿ ಬಸ್ಸಿನ ಚಿತ್ರ ದೊಡ್ಡದಾಗಿ ಬಂದು 257 ರೂಪಾಯಿಯ ಲೆಕ್ಕ ಎಲ್ಲೋ ಒಳಪುಟಕ್ಕೆ ಹೋದದ್ದು ನನಗೆ ಬೇಸರವಾಯಿತು.

ಏಪ್ರಿಲ್ 19ರಂದು ಮೊದಲು, ನಿಯಮವನ್ನು ಜುಲೈ ಕೊನೆಯವರೆಗೆ ಮುಂದೂಡಿದ್ದೇವೆ ಎಂದು ದೆಹಲಿಯಿಂದ ಮಾತು ಬಂತು. ಹೆಂಗಸರು ಕದಲಲಿಲ್ಲ. ಅದೇ ಸಂಜೆ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅವರು ನಿಯಮವನ್ನು ಪೂರ್ತಿ ಹಿಂತೆಗೆದುಕೊಂಡಿರುವುದಾಗಿ ಪ್ರಕಟಿಸಿದರು. ಎರಡೇ ದಿನ! ಇಡೀ ದೇಶದ ಪಿ.ಎಫ್. ಚಂದಾದಾರರಿಗೆ ಇದರ ಲಾಭವಾಯಿತು. ಅವರಲ್ಲಿ ಆಫೀಸಿನ ತಣ್ಣನೆ ಕೋಣೆಯಲ್ಲಿ ಕೂತು ಟ್ರಾಫಿಕ್ ಜಾಮಿಗೆ ಬೈದವರೂ ಇದ್ದರು.

ಇದನ್ನು ಗೆಲುವು ಎನ್ನಲು ನನಗೆ ಹಿಂಜರಿಕೆಯಿಲ್ಲ. ಆದರೆ ಇಷ್ಟು ಜನ ರಸ್ತೆಗಿಳಿಯಬೇಕಾಗಿ ಬಂದದ್ದೇ, ಅವರಿಗೆ ಮಾತಾಡಲು ಬೇರೆ ಬಾಗಿಲು ಇರಲಿಲ್ಲ ಎಂಬುದಕ್ಕೆ ಸಾಕ್ಷಿ. ಎರಡು ತಿಂಗಳ ಹಿಂದೆ ಬಂದ ಆದೇಶವನ್ನು ಓದಿ, ಅರ್ಥ ಹೇಳಿ, ಅರ್ಜಿ ಬರೆಯುವ ಸಂಘ ಪ್ರತಿ ಕಾರ್ಖಾನೆಯಲ್ಲೂ ಇದ್ದಿದ್ದರೆ ಬಸ್ಸಿಗೆ ಬೆಂಕಿ ಬೀಳುವ ಮಾತು ಎಲ್ಲಿತ್ತು?

ಹೋಲಿಸಿ ನೋಡಲು ಅಂಗನವಾಡಿಯವರಿದ್ದಾರೆ. 2017ರ ಮಾರ್ಚಿನಲ್ಲಿ ರಾಜ್ಯದ ಮೂಲೆಮೂಲೆಯಿಂದ ಬಂದ ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು ಬೆಂಗಳೂರಿನಲ್ಲಿ ಸ್ವಾತಂತ್ರ್ಯ ಉದ್ಯಾನದ ಬಳಿ ಹಗಲು ರಾತ್ರಿ ರಸ್ತೆಯಲ್ಲೇ ಕಳೆದರು. ಕೂಸುಗಳನ್ನು ಮಡಿಲಲ್ಲಿ ಮಲಗಿಸಿಕೊಂಡವರೂ ಇದ್ದರು. ಒಂದು ಕಲ್ಲು ಬೀಳಲಿಲ್ಲ. ಎಸ್. ವರಲಕ್ಷ್ಮಿ ಅವರ ಮುಂದಾಳುತನದ ಸಂಘ ಅವರನ್ನು ಕರೆತಂದಿತ್ತು. ಬಳಿಕ ಕಾರ್ಯಕರ್ತೆಯರ ಗೌರವಧನ 8,000ಕ್ಕೆ, ಸಹಾಯಕಿಯರದು 4,000ಕ್ಕೆ ಏರಿತು. ಗೌರವಧನ ಎಂಬ ಪದವನ್ನು ಗಮನಿಸಿ. ಸಂಬಳ ಎಂದರೆ ಹಕ್ಕು ಕೇಳುತ್ತಾರಲ್ಲ! ಅವರಿಗೂ ಗ್ರಾಚ್ಯುಯಿಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲಿನಲ್ಲಿ. ಈ ಹೆಂಗಸರು ಗಾರ್ಮೆಂಟ್ಸಿನವರಿಗಿಂತ ಧೈರ್ಯವಂತರೇನಲ್ಲ. ಆದರೆ ಕೆಲಸದ ನಿಮಿತ್ತವೇ ಆಗಾಗ ವೃತ್ತದ ಸಭೆಗೆಂದು ಒಂದು ಕಡೆ ಸೇರುತ್ತಾರೆ. ಸಭೆ ಮುಗಿದ ಮೇಲೆ ಮರದ ಕೆಳಗೆ ಚಹಾ ಕುಡಿಯುವ ಕಾಲು ಗಂಟೆಯಲ್ಲೇ ಸಂಘದ ಮಾತು ನಡೆದುಹೋಗುತ್ತದೆ. ಗಾರ್ಮೆಂಟ್ಸಿನವರಿಗೆ ಆ ಕಾಲು ಗಂಟೆ ಇಲ್ಲ. ನಮ್ಮ ಶಿಕ್ಷಕರಿಗೋ ಬೇಕಾದಷ್ಟು ಬಿಡುವಿದೆ, ಸಂಘಗಳೂ ಇವೆ; ಆದರೂ ಮಹಿಳಾ ಉಪಾಧ್ಯಕ್ಷೆಯ ಸ್ಥಾನ ಒಂದನ್ನು ಕೊಟ್ಟರೆ ನಾವು ಹೂಮಾಲೆ ಹಾಕಿಸಿಕೊಂಡು ಬರುತ್ತೇವೆ. ಇದು ಇಲ್ಲಿಗೆ ಸಾಕು.

2020ರಲ್ಲಿ ಕೊರೋನಾ ಬಂತು. ಆ ಜೂನ್ 6ರಂದು ಶ್ರೀರಂಗಪಟ್ಟಣದಲ್ಲಿ ಗೋಕುಲದಾಸ್ ಸಂಸ್ಥೆಯ ಒಂದು ಗಾರ್ಮೆಂಟ್ಸ್ ನಿಂತಿತು. ಅಲ್ಲಿದ್ದ ಸಾವಿರದ ಇನ್ನೂರಕ್ಕೂ ಹೆಚ್ಚು ಕೆಲಸಗಾರರಲ್ಲಿ ಬಹುಪಾಲು ಹೆಂಗಸರು, ಹಲವರು 2006ರ ಸಂಘದ ಸದಸ್ಯರು. ವಾರಗಟ್ಟಲೆ ಗೇಟಿನೊಳಗೆ ಕುಳಿತರು. ಆ ಬಟ್ಟೆ ಕೊಳ್ಳುತ್ತಿದ್ದ ವಿದೇಶಿ ಕಂಪೆನಿಯವರೆಗೂ ಅವರ ಮಾತು ಹೋಯಿತು. 2021ರ ಆರಂಭದಲ್ಲಿ ಒಪ್ಪಂದವಾಗಿ, ಸಂಸ್ಥೆ ಸಂಘವನ್ನು ಮಾನ್ಯ ಮಾಡಿ, ಕೆಲಸ ಕಳೆದುಕೊಂಡವರನ್ನು ಮತ್ತೆ ತೆಗೆದುಕೊಳ್ಳಲು ಒಪ್ಪಿತು. ಹದಿನೈದು ವರ್ಷ ಗಲ್ಲಿಗಳಲ್ಲಿ ಕೂತು ಮಾತಾಡಿದ್ದರ ಫಲ ಇದು.

ಅದೇ 2020ರ ಏಪ್ರಿಲಿನಿಂದ ಬರಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ 60 ಪೈಸೆ. ಮಾಲೀಕರು ಕೊಡಲಾರೆವೆಂದರು, ಸರ್ಕಾರ ಮುಂದೂಡಿತು, ಸಂಘ ಹೈಕೋರ್ಟಿಗೆ ಹೋಯಿತು. ಕೋರ್ಟು ಕೆಲಸಗಾರರ ಪರವಾಗಿ ಹೇಳಿದರೂ ಹಣ ಕೈಸೇರಲು ಹಲವರಿಗೆ 2022 ಬರಬೇಕಾಯಿತು. ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಒಂದು ಭಾನುವಾರ ಸಂಘದ ಸಭೆ ಮುಗಿಸಿಕೊಂಡು ನಮ್ಮ ಮನೆಗೆ ಬಂದರು. ಕೈಯಲ್ಲಿ ಸಂಬಳದ ಚೀಟಿ. “ಬಾಕಿ ಹಾಕಿದ್ದಾರೆ ಮೇಡಂ. ಲೆಕ್ಕ ಸರಿಯಾಗಿದೆಯಾ ಒಂದು ಸಲ ನೋಡಿ” ಎಂದರು. ವರ್ಷಕ್ಕೆ 5,011 ರೂಪಾಯಿ 20 ಪೈಸೆ ಎಂದು ಬರೆದು, ಉಳಿದ ತಿಂಗಳುಗಳನ್ನು ಕೂಡಿಸಿ ತೋರಿಸಿದೆ. ಕಾಫಿ ಕುಡಿದು ಹೋಗಿ ಎಂದರೆ ನಿಲ್ಲಲಿಲ್ಲ. ಅದೇ ಚೀಟಿ ಹಿಡಿದ ಇನ್ನೂ ಮೂವರು ಕೆಳಗೆ ಮೆಟ್ಟಿಲ ಹತ್ತಿರ ನಿಂತಿದ್ದಾರೆ, ಅವರನ್ನೂ ಮೇಲೆ ಕರೆಯಲೇ ಎಂದು ಕೇಳಿದರು.